ಎಲಿಪ್ಟಿಕಲ್ ವ್ಯಾಯಾಮಯಂತ್ರ: ಯಾಂತ್ರಿಕ ರಚನೆ

ಎಲಿಪ್ಟಿಕಲ್ ಯಂತ್ರವು ಇದ್ದಲ್ಲೇ ನಿಂತು, ಪಾದವನ್ನು ಪೆಡಲಿನಿಂದ ಎತ್ತದೆ, ನಡಿಗೆಯನ್ನೋ ಓಟವನ್ನೋ ಹೋಲುವ ಚಲನೆಯಲ್ಲಿ ಕಾಲುಗಳಿಗೆ ವ್ಯಾಯಾಮ ಕೊಡುವ ಸಾಧನ. ಜಿಮ್‌ಗಳಲ್ಲಿ ಇದಕ್ಕೆ ಕ್ರಾಸ್ ಟ್ರೈನರ್ ಎಂಬ ಹೆಸರೂ ಇದೆ. ಟ್ರೆಡ್‌ಮಿಲ್‌ನಲ್ಲಿ ಕಾಲಿನ ಕೆಳಗಿನ ಪಟ್ಟಿ ಹಿಂದಕ್ಕೆ ಸರಿಯುತ್ತದೆ, ಪಾದ ಪ್ರತಿ ಹೆಜ್ಜೆಗೂ ಮೇಲೆದ್ದು ಬಡಿಯುತ್ತದೆ. ಸೈಕಲಿನಲ್ಲಿ ಪಾದ ವೃತ್ತದಲ್ಲಿ ಸುತ್ತುತ್ತದೆ, ದೇಹದ ಭಾರವನ್ನು ಸೀಟು ಹೊರುತ್ತದೆ. ಎಲಿಪ್ಟಿಕಲ್‌ನಲ್ಲಿ ದೇಹದ ಪೂರ್ತಿ ಭಾರ ಪೆಡಲುಗಳ ಮೇಲಿರುತ್ತದೆ, ಪಾದ ಉದ್ದನೆಯ ಮೊಟ್ಟೆಯಾಕಾರದ ದಾರಿಯಲ್ಲಿ ಸಾಗುತ್ತದೆ. ಈ ದಾರಿಯ ಉದ್ದ, ಎತ್ತರ ಮತ್ತು ಓರೆಗಳನ್ನು ನಿರ್ಧರಿಸುವುದು ಕೆಲವೇ ಲೋಹದ ತೋಳುಗಳ ಜೋಡಣೆ. ಯಂತ್ರದ ಗುಣದೋಷಗಳೆಲ್ಲ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತವೆ. ಪರದೆಯ ಮೇಲೆ ಮಿನುಗುವ ಕ್ಯಾಲೊರಿ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ದೇಹದ ತೂಕವನ್ನು ಕಾಲಿನ ಮೂಲಕ ಯಂತ್ರಕ್ಕೆ ದಾಟಿಸುವ ಉಪಾಯ ಹಳೆಯದು. ದಕ್ಷಿಣ ಭಾರತದ ಏತದಲ್ಲಿ ಆಳು ಮೇಲಿನ ದಿಮ್ಮಿಯ ಮೇಲೆ ಹಿಂದೆ ಮುಂದೆ ನಡೆದು ಬಾವಿಯಿಂದ ನೀರೆತ್ತುತ್ತಿದ್ದ. 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯುಬಿಟ್ ಕೈದಿಗಳ ದುಡಿಮೆಗೆಂದು ರೂಪಿಸಿದ ತುಳಿಚಕ್ರದ ತತ್ತ್ವವೂ ಇದೇ. ವ್ಯಾಯಾಮದ ಸಾಧನಗಳಲ್ಲಿ ಎಲಿಪ್ಟಿಕಲ್‌ನ ಹತ್ತಿರದ ಹಿರಿಯರು ಎರಡು: 1975ರಲ್ಲಿ ಅಮೆರಿಕದ ಮಿನೆಸೊಟದಲ್ಲಿ ಎಡ್ವರ್ಡ್ ಪಾಲ್ಸ್ ರೂಪಿಸಿದ, ಹಿಮದ ಮೇಲಿನ ಸ್ಕೀಯಿಂಗ್ ಅನ್ನು ಅನುಕರಿಸುವ ನಾರ್ಡಿಕ್‌ಟ್ರ್ಯಾಕ್ ಯಂತ್ರ, ಮತ್ತು 1980ರ ದಶಕದಲ್ಲಿ ಜನಪ್ರಿಯವಾದ ಮೆಟ್ಟಿಲೇರುವ ಯಂತ್ರ. ಮೊದಲನೆಯದರಲ್ಲಿ ಪಾದ ಹಿಂದೆ ಮುಂದೆ ಜಾರುತ್ತದೆ, ಎರಡನೆಯದರಲ್ಲಿ ಮೇಲೆ ಕೆಳಗೆ ಹೋಗುತ್ತದೆ. ಈ ಎರಡು ಚಲನೆಗಳನ್ನು ಒಂದರಲ್ಲೊಂದು ಬೆರೆಸಿದರೆ ಅಂಡಾಕಾರ ಸಿಗುತ್ತದೆ. ಲ್ಯಾರಿ ಮಿಲ್ಲರ್ ಎಂಬ ಇಂಜಿನಿಯರ್, ಓಡುತ್ತಿದ್ದ ತನ್ನ ಮಗಳನ್ನು ಪಕ್ಕದಿಂದ ಚಿತ್ರೀಕರಿಸಿ ಪಾದದ ದಾರಿಯನ್ನು ಗುರುತಿಸಿಕೊಂಡು, ಆ ದಾರಿಯನ್ನು ಯಂತ್ರದಲ್ಲಿ ಹೇಗೆ ಮೂಡಿಸುವುದೆಂದು ಪ್ರಯೋಗ ಮಾಡಿದ. ಅವನ ಅಮೆರಿಕನ್ ಪೇಟೆಂಟ್ 1995ರ ಜನವರಿಯಲ್ಲಿ ಮಂಜೂರಾಯಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಪ್ರಿಕಾರ್ ಕಂಪನಿ ಇಎಫ್‌ಎಕ್ಸ್ ಹೆಸರಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಾಬರ್ಟ್ ರಾಜರ್ಸ್, ಕೆನೆತ್ ಸ್ಟರ್ನ್ಸ್, ಜೋಸೆಫ್ ಮರೆಶ್ ಮುಂತಾದವರು ಬೇರೆ ಬೇರೆ ತೋಳುಜೋಡಣೆಗಳಿಗೆ ಪೇಟೆಂಟ್ ಪಡೆದರು. ಹೊರನೋಟಕ್ಕೆ ಒಂದೇ ರೀತಿ ಕಾಣುವ ಯಂತ್ರಗಳ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದಕ್ಕೆ ಈ ಪೇಟೆಂಟುಗಳ ಬೇಲಿಯೂ ಒಂದು ಕಾರಣ.

ಮೂಲ ಜೋಡಣೆ. ತಮಿಳುನಾಡಿನ ಹೊಸೂರಿನಲ್ಲಿ ಟಿವಿಎಸ್ ಕಾರ್ಖಾನೆ 1980ರಿಂದ ದ್ವಿಚಕ್ರ ವಾಹನಗಳನ್ನು ತಯಾರಿಸುತ್ತಿದೆ. ಅಲ್ಲಿಂದ ಹೊರಬರುವ ಪ್ರತಿಯೊಂದು ಪೆಟ್ರೋಲ್ ಎಂಜಿನ್ನಿನೊಳಗೂ ಎಲಿಪ್ಟಿಕಲ್ ಯಂತ್ರದ ತತ್ತ್ವ ಅಡಗಿದೆ. ಎಂಜಿನ್ನಿನ ಪಿಸ್ಟನ್ ನೇರ ರೇಖೆಯಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಕ್ರ್ಯಾಂಕಿನ ಪಿನ್ ವೃತ್ತದಲ್ಲಿ ಸುತ್ತುತ್ತದೆ, ಎರಡನ್ನೂ ಕನೆಕ್ಟಿಂಗ್ ರಾಡ್ ಕೂಡಿಸುತ್ತದೆ. ರಾಡಿನ ಒಂದು ತುದಿಯ ದಾರಿ ವೃತ್ತ, ಇನ್ನೊಂದು ತುದಿಯ ದಾರಿ ಸರಳರೇಖೆ. ನಡುವಿನ ಯಾವ ಬಿಂದುವನ್ನು ಹಿಡಿದರೂ ಅದರ ದಾರಿ ಈ ಎರಡರ ಮಧ್ಯದ್ದು, ಅಂದರೆ ಚಪ್ಪಟೆಯಾದ ವೃತ್ತ. ರಾಡನ್ನು ಒಂದು ಮೀಟರಿನಷ್ಟು ಉದ್ದಮಾಡಿ, ಪಿಸ್ಟನ್ನಿನ ಜಾಗದಲ್ಲಿ ಹಳಿಯ ಮೇಲೆ ಓಡುವ ರೋಲರ್ ಇಟ್ಟು, ರಾಡಿನ ನಡುವೆ ಪೆಡಲನ್ನು ಕೂರಿಸಿದರೆ ಎಲಿಪ್ಟಿಕಲ್ ಯಂತ್ರದ ಒಂದು ಬದಿ ಸಿದ್ಧವಾಗುತ್ತದೆ. ಇನ್ನೊಂದು ಬದಿಯ ಕ್ರ್ಯಾಂಕ್ ಇದಕ್ಕೆ ಸರಿಯಾಗಿ ಅರ್ಧ ಸುತ್ತು ಹಿಂದಿರುತ್ತದೆ. ಎಂಜಿನ್ನಿನಲ್ಲಿ ಬಲ ಪಿಸ್ಟನ್ನಿನಿಂದ ಬರುತ್ತದೆ, ಇಲ್ಲಿ ರಾಡಿನ ಮೇಲೆಯೇ ನಿಂತ ಮನುಷ್ಯನಿಂದ. ರೋಲರಿನ ಬದಲು ಆ ತುದಿಯನ್ನು ಮೇಲಿನಿಂದ ತೂಗುವ ತೋಳಿಗೆ ಕಟ್ಟುವುದೂ ಉಂಟು. ಆಗ ಆ ತುದಿ ಸರಳರೇಖೆಯ ಬದಲು ದೊಡ್ಡ ವೃತ್ತದ ಒಂದು ತುಣುಕಿನಲ್ಲಿ ತೂಗಾಡುತ್ತದೆ. ಇಂಜಿನಿಯರಿಂಗ್ ಪಠ್ಯಗಳಲ್ಲಿ ಫೋರ್-ಬಾರ್ ಎಂದು ಕರೆಯುವ ನಾಲ್ಕು ತೋಳುಗಳ ಜೋಡಣೆ ಇದೇ. ಕ್ರ್ಯಾಂಕ್, ಪೆಡಲ್ ತೋಳು, ತೂಗುತೋಳು ಮೂರು, ಚೌಕಟ್ಟು ನಾಲ್ಕನೆಯದು.

ದಾರಿಯ ಅಳತೆಗಳನ್ನು ಸುಲಭದ ಲೆಕ್ಕದಲ್ಲಿ ಹಿಡಿಯಬಹುದು. ಪೆಡಲಿನ ಹಿಂದೆ ಮುಂದಿನ ಚಲನೆ ಕ್ರ್ಯಾಂಕಿನ ತ್ರಿಜ್ಯದ ಹೆಚ್ಚುಕಡಿಮೆ ಎರಡು ಪಟ್ಟು, ಪೆಡಲು ತೋಳಿನ ಮೇಲೆ ಎಲ್ಲಿದ್ದರೂ ಅಷ್ಟೆ. ಎತ್ತರ ಮಾತ್ರ ಪೆಡಲಿನ ಜಾಗವನ್ನು ಅವಲಂಬಿಸಿದೆ: ಪೆಡಲು ಕ್ರ್ಯಾಂಕಿನ ಹತ್ತಿರವಾದಷ್ಟೂ ದಾರಿ ಉಬ್ಬುತ್ತದೆ, ರೋಲರಿನ ಹತ್ತಿರವಾದಷ್ಟೂ ಚಪ್ಪಟೆಯಾಗುತ್ತದೆ. ಉದಾಹರಣೆಗೆ ಕ್ರ್ಯಾಂಕಿನ ತ್ರಿಜ್ಯ 23 ಸೆಂಟಿಮೀಟರ್, ತೋಳಿನ ಉದ್ದ 100 ಸೆಂಟಿಮೀಟರ್, ಪೆಡಲು ಕ್ರ್ಯಾಂಕ್ ಪಿನ್ನಿನಿಂದ 70 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡರೆ, ಹೆಜ್ಜೆಯ ಉದ್ದ ಸುಮಾರು 46 ಸೆಂಟಿಮೀಟರ್, ಏರಿಳಿತ ಸುಮಾರು 14 ಸೆಂಟಿಮೀಟರ್. ವಯಸ್ಕರಿಗಾಗಿ ಮಾರುವ ಯಂತ್ರಗಳಲ್ಲಿ ಹೆಜ್ಜೆಯ ಉದ್ದ ಸಾಮಾನ್ಯವಾಗಿ 45ರಿಂದ 50 ಸೆಂಟಿಮೀಟರ್, ಅಂದರೆ 18ರಿಂದ 20 ಅಂಗುಲ. ಅಗ್ಗದ ಸಣ್ಣ ಯಂತ್ರಗಳಲ್ಲಿ ಇದು 35 ಸೆಂಟಿಮೀಟರಿಗೂ ಇಳಿಯುತ್ತದೆ, ಎತ್ತರದ ವ್ಯಕ್ತಿಗೆ ಅಲ್ಲಿ ಚಿಕ್ಕ ಮಕ್ಕಳ ಹೆಜ್ಜೆ ಹಾಕಿದಂತಾಗುತ್ತದೆ. ಜಾಗ ಉಳಿಸಲು ಕ್ರ್ಯಾಂಕನ್ನು ಚಿಕ್ಕದು ಮಾಡಿದ್ದರ ಫಲ ಇದು. ಕ್ರ್ಯಾಂಕ್ ದೊಡ್ಡದಾಗದೆ ಹೆಜ್ಜೆ ಉದ್ದವಾಗಬೇಕಾದರೆ ನಡುವೆ ಹೆಚ್ಚುವರಿ ಸನ್ನೆಗಳನ್ನು ಸೇರಿಸಬೇಕು. ಪ್ರತಿ ಸನ್ನೆಗೂ ಹೊಸ ಬೇರಿಂಗ್, ಹೊಸ ಸಡಿಲ, ಹೊಸ ಕಿರ್ರೆನ್ನುವ ಸದ್ದು ಗಂಟುಬೀಳುತ್ತದೆ.

ಪೆಡಲಿನ ದಾರಿ ಗಣಿತದ ಶುದ್ಧ ದೀರ್ಘವೃತ್ತವಲ್ಲ. ತೋಳು ಓರೆಯಾದಾಗ ಅದರ ಅಡ್ಡಳತೆ ಕೊಂಚ ಕಡಿಮೆಯಾಗುವುದರಿಂದ ದಾರಿಯ ಒಂದು ತುದಿ ಮೊನಚಾಗಿ, ಇನ್ನೊಂದು ದುಂಡಗಾಗುತ್ತದೆ. ತೋಳು ಉದ್ದವಾದಷ್ಟೂ ಈ ವ್ಯತ್ಯಾಸ ಕಿರಿದು.

ಕ್ರ್ಯಾಂಕಿನ ಜಾಗ. ಕ್ರ್ಯಾಂಕ್ ಹಿಂದಿದ್ದರೆ ಹಿಂಚಾಲನೆ, ಮುಂದಿದ್ದರೆ ಮುಂಚಾಲನೆ, ಸವಾರನ ಎರಡು ಪಕ್ಕಗಳಲ್ಲಿದ್ದರೆ ನಡುಚಾಲನೆ ಎಂದು ಮೂರು ಬಗೆ. ಪ್ರಿಕಾರ್‌ನ ಮೊದಲ ಯಂತ್ರ ಹಿಂಚಾಲನೆಯದು. ಈ ಬಗೆಗಳ ನಿಜವಾದ ವ್ಯತ್ಯಾಸ ಪಾದದ ಓರೆಯಲ್ಲಿದೆ. ಪೆಡಲು ತೋಳಿಗೆ ಬಿಗಿಯಾಗಿ ಕೂತಿರುವಾಗ ತೋಳಿನ ಓರೆಯೇ ಪಾದದ ಓರೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಎರಡೂ ಕಡೆಗೆ ಸುಮಾರು 13 ಡಿಗ್ರಿ. ಹಿಂಚಾಲನೆಯಲ್ಲಿ ಕ್ರ್ಯಾಂಕ್ ಹಿಮ್ಮಡಿಯ ಕಡೆಗಿದೆ. ಪಾದ ಮೇಲಿನ ದಾರಿಯಲ್ಲಿ ಮುಂದಕ್ಕೆ ಸಾಗುವಾಗ ಹಿಮ್ಮಡಿ ಎದ್ದಿರುತ್ತದೆ, ಇದು ನಡಿಗೆಯಲ್ಲಿ ಹಿಂದಿನ ಕಾಲು ನೆಲಬಿಟ್ಟು ಮುಂದೆ ಬರುವ ರೀತಿಗೆ ಹತ್ತಿರ. ಮುಂಚಾಲನೆಯಲ್ಲಿ ಅದೇ ಕ್ಷಣ ಬೆರಳುಗಳು ಎದ್ದಿರುತ್ತವೆ, ಹಾಗಾಗಿ ಮೆಟ್ಟಿಲೇರಿದ ಅನುಭವ ಹೆಚ್ಚು. ಮುಂಚಾಲನೆಯ ಯಂತ್ರ ತಯಾರಿಕೆಯಲ್ಲಿ ಸರಳ. ನಡುಚಾಲನೆ ಉದ್ದದಲ್ಲಿ ಚಿಕ್ಕದಾಗಿ ಮನೆಯ ಕೋಣೆಗೆ ಹೊಂದುತ್ತದೆ, ಅದರ ಅಗಲ ಮಾತ್ರ ಹೆಚ್ಚು.

ಎರಡು ಪೆಡಲುಗಳ ನಡುವಿನ ಅಂತರದ ಬಗ್ಗೆ ಮಾರಾಟದ ಕರಪತ್ರಗಳು ಹೆಚ್ಚು ಮಾತಾಡುವುದಿಲ್ಲ. ಮನುಷ್ಯ ನಡೆಯುವಾಗ ಎರಡು ಪಾದಗಳ ಜಾಡು ಬಹುತೇಕ ಒಂದಕ್ಕೊಂದು ತಾಗಿರುತ್ತದೆ. ಪೆಡಲುಗಳ ನಡುವೆ ದಪ್ಪ ಡಬ್ಬಿಯನ್ನೋ ಅಗಲದ ಹಳಿಯನ್ನೋ ಇಟ್ಟ ಯಂತ್ರದಲ್ಲಿ ಕಾಲು ಅಗಲಿಸಿ ನಡೆಯಬೇಕಾಗುತ್ತದೆ, ಸೊಂಟ ಪ್ರತಿ ಹೆಜ್ಜೆಗೂ ಪಕ್ಕಕ್ಕೆ ವಾಲುತ್ತದೆ. ಪೆಡಲುಗಳು ಹತ್ತಿರ ಬಂದಷ್ಟೂ ಒಳ್ಳೆಯದು, ಆದರೆ ತೋಳುಗಳು ಒಂದನ್ನೊಂದು ಉಜ್ಜದಂತೆ ಬೇರಿಂಗುಗಳು ಬಿಗಿಯಾಗಿರಬೇಕು, ಚೌಕಟ್ಟು ತಿರುಚಿಕೊಳ್ಳಬಾರದು.

ರೋಲರ್ ಓಡುವ ಹಳಿಯನ್ನು ಮುಂಭಾಗದಲ್ಲಿ ಎತ್ತಿದರೆ ಪೆಡಲಿನ ದಾರಿಯೂ ಓರೆಯಾಗಿ ಮೇಲೇಳುತ್ತದೆ. ಪ್ರಿಕಾರ್ ಇದನ್ನು ಮೋಟಾರಿನಿಂದ ಎತ್ತಿಳಿಸುವ ಹಳಿಯಾಗಿ ಬೆಳೆಸಿತು. ಹಳಿ ಎದ್ದಂತೆ ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳಿಗೆ ಕೆಲಸ ಹೆಚ್ಚುತ್ತದೆ. ತೂಗುತೋಳಿನ ಯಂತ್ರಗಳಲ್ಲಿ ಇದೇ ಪರಿಣಾಮಕ್ಕೆ ತೋಳಿನ ಮೇಲಿನ ತಿರುಗುಬಿಂದುವನ್ನು ಸರಿಸಬೇಕು, ಅದು ಅಷ್ಟು ಸುಲಭವಲ್ಲ.

ಕೈಹಿಡಿಗಳ ಕಥೆ ಸರಳ. ತೂಗುತೋಳನ್ನೇ ತಿರುಗುಬಿಂದುವಿನ ಮೇಲಕ್ಕೆ ಬೆಳೆಸಿದರೆ ಅದು ಕೈಹಿಡಿಯಾಗುತ್ತದೆ. ಸನ್ನೆಯ ಎರಡು ತುದಿಗಳು ವಿರುದ್ಧ ದಿಕ್ಕಿನಲ್ಲಿ ಚಲಿಸುವುದರಿಂದ ಬಲಗಾಲು ಮುಂದೆ ಹೋದಾಗ ಬಲಗೈ ತಾನಾಗಿ ಹಿಂದೆ ಬರುತ್ತದೆ. ನಡಿಗೆಯಲ್ಲೂ ಕೈಕಾಲುಗಳ ಹೊಂದಿಕೆ ಹೀಗೆಯೇ. ತಿರುಗುಬಿಂದುವಿನ ಕೆಳಗೆ 80 ಸೆಂಟಿಮೀಟರ್, ಮೇಲೆ 60 ಸೆಂಟಿಮೀಟರ್ ಇದ್ದರೆ, 46 ಸೆಂಟಿಮೀಟರಿನ ಹೆಜ್ಜೆಗೆ ಕೈ ಸುಮಾರು 35 ಸೆಂಟಿಮೀಟರ್ ಓಡಾಡುತ್ತದೆ.

ಬಲ ಎಲ್ಲಿ ಕೆಲಸ ಮಾಡುತ್ತದೆ. ಪೆಡಲಿನ ಮೇಲೆ ಸುಮ್ಮನೆ ನಿಂತರೆ ಯಂತ್ರ ತಿರುಗುವುದಿಲ್ಲ. ಒಂದು ಪೆಡಲು ಇಳಿದಷ್ಟೇ ಇನ್ನೊಂದು ಏರುವುದರಿಂದ ಎರಡು ಕಾಲಿನ ಸಮಾನ ಭಾರಗಳು ಒಂದನ್ನೊಂದು ರದ್ದುಮಾಡುತ್ತವೆ. ಭಾರವನ್ನು ಏರುವ ಕಾಲಿನಿಂದ ಇಳಿಯುವ ಕಾಲಿಗೆ ಹೊತ್ತುಹೊತ್ತಿಗೆ ದಾಟಿಸುವುದರಿಂದಲೇ ಕ್ರ್ಯಾಂಕಿಗೆ ಟಾರ್ಕ್ ಸಿಗುತ್ತದೆ. ಈ ಟಾರ್ಕ್ ಸುತ್ತಿನುದ್ದಕ್ಕೂ ಒಂದೇ ಸಮನಾಗಿಲ್ಲ. ಪೆಡಲು ಹೆಜ್ಜೆಯ ಮುಂತುದಿ ಅಥವಾ ಹಿಂತುದಿಯಲ್ಲಿದ್ದಾಗ ಅದು ನೇರ ಮೇಲೆ ಕೆಳಗೆ ಚಲಿಸುತ್ತಿರುತ್ತದೆ, ಭಾರದ ಪೂರ್ಣ ಪರಿಣಾಮ ಅಲ್ಲಿ. ಮೇಲಿನ ಉದಾಹರಣೆಯಲ್ಲಿ 80 ಕಿಲೋಗ್ರಾಂ ತೂಕದ ವ್ಯಕ್ತಿ ಪೂರ್ತಿ ಭಾರ ಹಾಕಿದರೆ ಕ್ರ್ಯಾಂಕಿನಲ್ಲಿ ಸುಮಾರು 55 ನ್ಯೂಟನ್-ಮೀಟರ್ ಟಾರ್ಕ್ ಹುಟ್ಟುತ್ತದೆ. ಒಂದು ಪೆಡಲು ದಾರಿಯ ನೆತ್ತಿಯಲ್ಲಿ, ಇನ್ನೊಂದು ತಳದಲ್ಲಿ ಇರುವಾಗ ಎರಡೂ ಅಡ್ಡಡ್ಡ ಚಲಿಸುತ್ತಿರುತ್ತವೆ. ಅಲ್ಲಿ ಎಷ್ಟೇ ಭಾರ ಹಾಕಿದರೂ ಟಾರ್ಕ್ ಸೊನ್ನೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ಡೆಡ್ ಸೆಂಟರ್. ಆದರೆ ಆ ಕ್ಷಣದಲ್ಲಿ ಅಡ್ಡ ತಳ್ಳುವ ಬಲಕ್ಕೆ ಅತ್ಯಂತ ಹೆಚ್ಚು ಪರಿಣಾಮವಿದೆ, ಕೈಹಿಡಿಯ ವೇಗವೂ ಆಗಲೇ ಹೆಚ್ಚು. ಹೀಗೆ ತೂಕ ಸೋಲುವ ಕಡೆ ಕೈಯ ತಳ್ಳು-ಎಳೆತ ಗೆಲ್ಲುತ್ತದೆ, ಕೈ ಸೋಲುವ ಕಡೆ ತೂಕ. ಕೈಹಿಡಿಗಳು ಮೇಲ್ದೇಹದ ವ್ಯಾಯಾಮಕ್ಕಾಗಿ ಸೇರಿಸಿದ ಅಲಂಕಾರವೆಂದು ತಿಳಿಯುವುದು ತಪ್ಪು, ಅವು ಚಾಲನೆಯದೇ ಭಾಗ.

ಫ್ಲೈವೀಲ್. ಉಳಿದ ಏರುಪೇರನ್ನು ಸಮಮಾಡುವುದು ಫ್ಲೈವೀಲಿನ ಕೆಲಸ. ಜಾಹೀರಾತುಗಳು ಇದರ ತೂಕವನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತವೆ. ತೂಕವೊಂದರಿಂದ ಏನೂ ತಿಳಿಯುವುದಿಲ್ಲ. ತಿರುಗುವ ಚಕ್ರದಲ್ಲಿ ಕೂಡಿಟ್ಟ ಶಕ್ತಿ ಅದರ ತೂಕಕ್ಕೆ ಅನುಗುಣವಾಗಿದ್ದರೆ, ತ್ರಿಜ್ಯದ ಮತ್ತು ವೇಗದ ವರ್ಗಕ್ಕೂ ಅನುಗುಣ. 10 ಕಿಲೋಗ್ರಾಂ ತೂಕದ, 20 ಸೆಂಟಿಮೀಟರ್ ತ್ರಿಜ್ಯದ ಬಿಲ್ಲೆಯನ್ನು ಕ್ರ್ಯಾಂಕಿಗೇ ನೇರವಾಗಿ ಜೋಡಿಸಿ ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ ಅದರಲ್ಲಿ ನಿಲ್ಲುವುದು ಸುಮಾರು 4 ಜೂಲ್ ಮಾತ್ರ. ಅದೇ ಬಿಲ್ಲೆಯನ್ನು ಬೆಲ್ಟು-ಪುಲ್ಲಿಗಳ ಮೂಲಕ ಎಂಟು ಪಟ್ಟು ವೇಗದಲ್ಲಿ ತಿರುಗಿಸಿದರೆ 64 ಪಟ್ಟು, ಅಂದರೆ ಸುಮಾರು 250 ಜೂಲ್. ಸವಾರ 100 ವಾಟ್ ಶಕ್ತಿ ಹಾಕುತ್ತಿದ್ದರೆ ಒಂದು ಸುತ್ತಿಗೆ 100 ಜೂಲ್ ಖರ್ಚು. ಡೆಡ್ ಸೆಂಟರ್ ದಾಟಲು ಅದರಲ್ಲಿ ಕಾಲು ಭಾಗವನ್ನು ಫ್ಲೈವೀಲ್ ಕೊಟ್ಟರೂ ವೇಗ ಶೇಕಡಾ 5ರಷ್ಟು ಮಾತ್ರ ಕುಗ್ಗುತ್ತದೆ, ಕಾಲಿಗೆ ಅದು ಗೊತ್ತಾಗದು. ನಿಧಾನ ತಿರುಗುವ ಭಾರದ ಚಕ್ರಕ್ಕಿಂತ ಬಿರುಸಾಗಿ ತಿರುಗುವ ಹಗುರ ಚಕ್ರ ಎಷ್ಟೋ ಸಲ ಮೇಲು.

ಈ ವೇಗವರ್ಧನೆಗೆ ಹೆಚ್ಚಾಗಿ ಬಳಸುವುದು ಉದ್ದುದ್ದ ಏಣುಗಳಿರುವ ಚಪ್ಪಟೆ ಬೆಲ್ಟ್. ದೊಡ್ಡ ಪುಲ್ಲಿ ಕ್ರ್ಯಾಂಕಿನ ಅಚ್ಚಿನ ಮೇಲೆ, ಚಿಕ್ಕದು ಫ್ಲೈವೀಲಿನ ಅಚ್ಚಿನ ಮೇಲೆ. ಒಂದೇ ಹಂತದಲ್ಲಿ ಸಾಲದಾದರೆ ಎರಡು ಹಂತ. ಬೆಲ್ಟು ಜಾರದಂತೆ ಒತ್ತಿ ಹಿಡಿಯುವ ಪುಟ್ಟ ಪುಲ್ಲಿಯೊಂದಿರುತ್ತದೆ. ಚೈನಿಗಿಂತ ಬೆಲ್ಟು ಸದ್ದಿಲ್ಲದ್ದು, ಎಣ್ಣೆ ಬೇಡದ್ದು. ಅನೇಕ ಯಂತ್ರಗಳಲ್ಲಿ ಸೈಕಲಿನ ಹಿಂಚಕ್ರದಲ್ಲಿರುವಂಥ ಫ್ರೀವೀಲ್ ಇರುವುದಿಲ್ಲ. ಹಿಂದಕ್ಕೂ ತುಳಿಯಲು ಇದರಿಂದ ಅನುಕೂಲ, ಆದರೆ ಸವಾರ ನಿಲ್ಲಿಸಿದರೂ ಪೆಡಲುಗಳು ಕೊಂಚ ಹೊತ್ತು ಸಾಗುತ್ತಲೇ ಇರುತ್ತವೆ. ಚಲಿಸುವ ಪೆಡಲಿನಿಂದ ಇಳಿಯುವುದು ಅಪಾಯ.

ತಡೆ. ಮೊದಮೊದಲ ಅಗ್ಗದ ಯಂತ್ರಗಳಲ್ಲಿ ಫೆಲ್ಟ್ ಪಟ್ಟಿಯೊಂದು ಫ್ಲೈವೀಲಿನ ಅಂಚನ್ನು ಉಜ್ಜುತ್ತಿತ್ತು. ಅದು ಸವೆಯುತ್ತದೆ, ಬಿಸಿಯಾಗುತ್ತದೆ, ಪ್ರತಿದಿನ ಬೇರೆ ಬಿಗಿ ಕೊಡುತ್ತದೆ. ಈಗ ಸಾಮಾನ್ಯವಾದದ್ದು ಆಯಸ್ಕಾಂತದ ತಡೆ. ತಿರುಗುವ ಅಲ್ಯುಮಿನಿಯಂ ಅಥವಾ ತಾಮ್ರದ ಅಂಚಿನ ಪಕ್ಕದಲ್ಲಿ ಆಯಸ್ಕಾಂತವಿಟ್ಟರೆ ಲೋಹದೊಳಗೆ ವಿದ್ಯುತ್ತಿನ ಸುಳಿಪ್ರವಾಹಗಳು ಹುಟ್ಟಿ ತಿರುಗುವಿಕೆಯನ್ನು ವಿರೋಧಿಸುತ್ತವೆ. ಫ್ರಾನ್ಸಿನ ಲಿಯೊನ್ ಫೂಕೊ 1855ರಲ್ಲಿ ತೋರಿಸಿದ ವಿದ್ಯಮಾನ ಇದು. ಮನೆಯ ಯಂತ್ರದಲ್ಲಿ ಚಿಕ್ಕ ಮೋಟಾರು ಅಥವಾ ಕೇಬಲ್ ಆಯಸ್ಕಾಂತಗಳನ್ನು ಚಕ್ರದ ಹತ್ತಿರ ತರುತ್ತದೆ ಅಥವಾ ದೂರ ಸರಿಸುತ್ತದೆ. ಜಿಮ್‌ಗಳ ಯಂತ್ರದಲ್ಲಿ ವಿದ್ಯುದಾಯಸ್ಕಾಂತವೋ ಚಿಕ್ಕ ಜನರೇಟರೋ ಇದ್ದು, ಸವಾರನ ಶಕ್ತಿಯಿಂದಲೇ ಪರದೆ ಬೆಳಗುವುದುಂಟು. ಇಲ್ಲಿ ಏನೂ ಏನನ್ನೂ ಮುಟ್ಟುವುದಿಲ್ಲವಾದ್ದರಿಂದ ಸವೆತವಿಲ್ಲ. ಈ ತಡೆಯ ಬಲ ವ್ಯಾಯಾಮದ ವೇಗಗಳಲ್ಲಿ ಸುಮಾರಾಗಿ ವೇಗಕ್ಕೆ ಅನುಗುಣ. ಹಾಗಾಗಿ ಗುಂಡಿ ಮುಟ್ಟದೆ ವೇಗವನ್ನು ಇಮ್ಮಡಿ ಮಾಡಿದರೆ ಬೇಕಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಭಾರ ಮತ್ತು ಸವೆತ. ಮೇಲಿನ ಉದಾಹರಣೆಯ ಪೆಡಲ್ ತೋಳು ಎರಡು ಆಧಾರಗಳ ಮೇಲಿಟ್ಟ ತೊಲೆ. 80 ಕಿಲೋಗ್ರಾಂ ಭಾರದಲ್ಲಿ 56ನ್ನು ರೋಲರ್ ಹೊರುತ್ತದೆ, ಉಳಿದ 24ನ್ನು ಕ್ರ್ಯಾಂಕ್ ಪಿನ್. ರೋಲರುಗಳು ಮೊದಲು ಸವೆಯುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪಾಲಿಯುರೆಥೇನ್ ರೋಲರ್ ಅಲ್ಯುಮಿನಿಯಂ ಹಳಿಯ ಮೇಲೆ ಓಡುವಾಗ ಧೂಳಿನ ಕಣವೊಂದು ಸಿಕ್ಕಿದರೂ ಟಕ್ ಟಕ್ ಸದ್ದು ಶುರುವಾಗುತ್ತದೆ. ನಿಮಿಷಕ್ಕೆ 60 ಸುತ್ತಿನಂತೆ ಒಂದು ಗಂಟೆಗೆ 3,600 ಸುತ್ತು. ದಿನವಿಡೀ ನಡೆಯುವ ಜಿಮ್ಮಿನಲ್ಲಿ ಒಂದು ತಿಂಗಳಿಗೆ ಹತ್ತು ಲಕ್ಷದ ಆಸುಪಾಸು. ಪ್ರತಿ ಸುತ್ತಿನಲ್ಲೂ ಭಾರ ಬಂದು ಹೋಗುವುದರಿಂದ ಲೋಹ ದಣಿದು ಬಿರುಕು ಬಿಡುವ ಜಾಗಗಳು ಗೊತ್ತಿದ್ದವೇ: ತೋಳಿಗೆ ಪೆಡಲಿನ ತಗಡನ್ನು ಬೆಸೆದ ವೆಲ್ಡಿಂಗ್, ಕ್ರ್ಯಾಂಕ್ ಅಚ್ಚಿಗೆ ಕೂರುವ ಕೊರೆ, ತೂಗುತೋಳಿನ ಬುಷ್. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೋಲ್ಟು ಸಡಿಲವಾಗಿದ್ದರೂ ತುಳಿಯುತ್ತಲೇ ಇದ್ದರೆ ಕೊರೆ ಹಿಗ್ಗಿ, ಕೊನೆಗೆ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ. ಎಡ ಬಲ ತೋಳುಗಳು ಅಳತೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಜೋಡಣೆ ಬಿಗಿಯಬಾರದೆಂದು ಕೀಲುಗಳಲ್ಲಿ ಯಾವ ಕಡೆಗೂ ವಾಲಬಲ್ಲ ಗುಂಡುತಲೆಯ ಬೇರಿಂಗ್ ಬಳಸುವುದು ಒಳ್ಳೆಯ ಯಂತ್ರದ ಲಕ್ಷಣ. ಸುರಕ್ಷತೆಯ ಅಗತ್ಯಗಳನ್ನು ಅಂತಾರಾಷ್ಟ್ರೀಯ ಐಎಸ್‌ಒ 20957 ಮಾನಕದ 9ನೆಯ ಭಾಗ ವಿಧಿಸುತ್ತದೆ. ಮನೆಬಳಕೆಯ ಯಂತ್ರವನ್ನೂ ಜಿಮ್ ಬಳಕೆಯ ಯಂತ್ರವನ್ನೂ ಆ ಮಾನಕ ಬೇರೆ ವರ್ಗಗಳಲ್ಲಿ ಇಡುತ್ತದೆ.

ಪಾದ ನೆಲಕ್ಕೆ ಬಡಿಯದಿರುವುದರಿಂದ ಓಟದಲ್ಲಿ ದೇಹತೂಕದ ಎರಡು ಮೂರು ಪಟ್ಟು ಬರುವ ಹೊಡೆತ ಎಲಿಪ್ಟಿಕಲ್‌ನಲ್ಲಿಲ್ಲ. ಹಾಗೆಂದು ಮೊಣಕಾಲಿಗೆ ಭಾರವೇ ಇಲ್ಲವೆನ್ನಲಾಗದು. ಕೃತಕ ಮೊಣಕಾಲಿನೊಳಗೆ ಬಲಮಾಪಕ ಇಟ್ಟು ಅಳೆದ ಅಧ್ಯಯನಗಳಲ್ಲಿ ಎಲಿಪ್ಟಿಕಲ್‌ನ ಭಾರ ಸೈಕಲಿಗಿಂತ ಹೆಚ್ಚಾಗಿ, ನಡಿಗೆಗೆ ಹತ್ತಿರವಾಗಿ ಕಂಡಿದೆ.

ಉದ್ಯಾನದ ಯಂತ್ರ. ತಮಿಳುನಾಡು ಸರ್ಕಾರ 2016ರಲ್ಲಿ ಗ್ರಾಮ ಪಂಚಾಯತಿಗಳಿಗಾಗಿ ಅಮ್ಮ ಉದ್ಯಾನ ಮತ್ತು ಅಮ್ಮ ವ್ಯಾಯಾಮಶಾಲೆಗಳ ಯೋಜನೆಯನ್ನು ಘೋಷಿಸಿತು. ಬೆಂಗಳೂರಿನ ಬಡಾವಣೆಗಳ ಉದ್ಯಾನಗಳಲ್ಲೂ ಬಯಲು ಜಿಮ್‌ಗಳು ಸಾಮಾನ್ಯ ದೃಶ್ಯ. ಎಲಿಪ್ಟಿಕಲ್ ಅನ್ನು ಈ ಸೀಮೆಯ ಬಹಳಷ್ಟು ಜನ ಮೊದಲು ತುಳಿದದ್ದು ಇಂಥ ಬಯಲಿನಲ್ಲೇ ಇರಬೇಕು. ಬಯಲಿನ ಯಂತ್ರದಲ್ಲಿ ಬೆಲ್ಟಿಲ್ಲ, ಆಯಸ್ಕಾಂತವಿಲ್ಲ, ಪರದೆಯಿಲ್ಲ, ಸಾಮಾನ್ಯವಾಗಿ ಫ್ಲೈವೀಲೂ ಇಲ್ಲ. ದಪ್ಪ ಉಕ್ಕಿನ ಪೈಪು, ಸತುವಿನ ಲೇಪ ಅಥವಾ ಪೌಡರ್ ಕೋಟಿಂಗ್, ಕಾಂಕ್ರೀಟಿನಲ್ಲಿ ಹೂತ ಬೋಲ್ಟುಗಳು, ಕ್ರ್ಯಾಂಕ್, ಎರಡು ಪೆಡಲ್ ತೋಳು, ಎರಡು ತೂಗುತೋಳು ಇಷ್ಟೇ. ತಡೆಯೆಂದರೆ ಬೇರಿಂಗುಗಳ ಘರ್ಷಣೆ ಮಾತ್ರ. ಡೆಡ್ ಸೆಂಟರ್ ದಾಟಿಸಲು ಕೈಯ ತಳ್ಳುವಿಕೆ ಮತ್ತು ದೇಹದ ಓಟವನ್ನು ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಕೈಹಿಡಿ ಬಿಟ್ಟು ನಿಧಾನ ತುಳಿದರೆ ಪೆಡಲು ನೆತ್ತಿಯಲ್ಲಿ ನಿಂತುಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ತಿರುಗುತ್ತದೆ. ಯಂತ್ರ ಕೆಟ್ಟಿದೆಯೆಂದು ಅರ್ಥವಲ್ಲ, ಅದರ ರಚನೆಯೇ ಹಾಗೆ. ಕೀಲುಗಳನ್ನು ಸಡಿಲಿಸಲು, ನಡಿಗೆಗೆ ಮುಂಚೆ ಮೈ ಬಿಸಿಮಾಡಿಕೊಳ್ಳಲು ಅದು ಸಾಕು. ಹೃದಯಕ್ಕೆ ಅಳತೆಯ ಶ್ರಮ ಕೊಡುವ ವ್ಯಾಯಾಮಕ್ಕೆ ಸಾಲದು.

ಹೊರಾಂಗಣದ ಸ್ಥಿರ ವ್ಯಾಯಾಮ ಸಾಧನಗಳಿಗೆ ಯುರೋಪಿನಲ್ಲಿ ಇಎನ್ 16630 ಎಂಬ ಪ್ರತ್ಯೇಕ ಮಾನಕ 2015ರಲ್ಲಿ ಬಂತು. ಬೆರಳು ಸಿಕ್ಕಿಕೊಳ್ಳುವ ಸಂದುಗಳು, ಸುತ್ತ ಬಿಡಬೇಕಾದ ಜಾಗ, ನಿಯತವಾದ ತಪಾಸಣೆ ಇವುಗಳ ಬಗ್ಗೆ ಅದು ಹೇಳುತ್ತದೆ. ನಮ್ಮ ಉದ್ಯಾನಗಳಲ್ಲಿ ಈ ಯಂತ್ರಗಳು ಮುರಿದು ಮೂಲೆ ಸೇರುವುದಕ್ಕೆ ಮುಖ್ಯ ಕಾರಣ ವಿನ್ಯಾಸವಲ್ಲ, ಮಳೆನೀರು. ಬೇರಿಂಗಿನ ಮುಚ್ಚಳ ಕಿತ್ತುಹೋದ ಮೇಲೆ ನೀರು ಮಣ್ಣು ಒಳಸೇರಿ ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ, ತೋಳು ಅಲುಗಾಡತೊಡಗುತ್ತದೆ, ಅಲುಗಾಟ ವೆಲ್ಡಿಂಗನ್ನು ಬಿರುಕುಗೊಳಿಸುತ್ತದೆ. ಮೊದಲ ಹಂತದಲ್ಲೇ ಬೇರಿಂಗ್ ಬದಲಿಸಿದರೆ ಉಳಿದ ಹಾನಿ ಆಗುವುದೇ ಇಲ್ಲ, ಅದರ ಬೆಲೆ ಹೊಸ ಯಂತ್ರದ ಬೆಲೆಯ ತೀರ ಸಣ್ಣ ಪಾಲು. ಪಂಚಾಯತಿಯೋ ನಗರಪಾಲಿಕೆಯೋ ಯಂತ್ರ ಕೊಳ್ಳುವ ಟೆಂಡರಿನಲ್ಲೇ ವರ್ಷಕ್ಕೊಮ್ಮೆ ಬೇರಿಂಗ್, ಬುಷ್ ಮತ್ತು ಬೋಲ್ಟುಗಳ ತಪಾಸಣೆಯನ್ನು ಷರತ್ತಾಗಿ ಸೇರಿಸಬೇಕು.